ಅಧ್ಯಕ್ಷರ ಬಿಂದಿಗೆ

ನಾನು ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದಾಗ ಒಮ್ಮೆ ನಮ್ಮೂರಿನಲ್ಲಿ ಮನೆಗೊಬ್ಬರಂತೆ ವಾಂತಿಭೇದಿ ಶುರುವಾಯಿತು. ಊರು ಹೊನ್ನವಳ್ಳಿಯಿಂದ ಸ್ವಲ್ಪ ಒಳಗೆ, ತೆಂಗಿನ ತೋಟಗಳ ನಡುವೆ. ನರ್ಸಮ್ಮ ಬಂದು ನೋಡಿ, ದೋಷ ಇರುವುದು ಓವರ್‌ಹೆಡ್ ಟ್ಯಾಂಕಿನ ನೀರಿನಲ್ಲಿ ಎಂದರು. ಪುಣ್ಯಕ್ಕೆ ಎಲ್ಲರೂ ಹುಷಾರಾದರು, ಅದಕ್ಕೇ ಈಗ ನಗುತ್ತಾ ಬರೆಯುತ್ತಿದ್ದೇನೆ.

ಊರಿಗೆ ವಿಷಯ ತಿಳಿಸಬೇಕಲ್ಲ. ಪಂಚಾಯಿತಿ ಅಧಿಕಾರಿ ಒಂದು ಪ್ರಕಟಣೆ ಬರೆದುಕೊಟ್ಟರು: ‘ತಾಂತ್ರಿಕ ಕಾರಣಗಳಿಂದ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಿದ್ದು, ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ.’ ಓದಿದಾಗ ನಾನೂ ದೊಡ್ಡ ಮನುಷ್ಯಳಾದೆ ಅನ್ನಿಸಿತು. ಆಟೋಗೆ ಮೈಕು ಕಟ್ಟಿ ಬೀದಿಬೀದಿಯಲ್ಲೂ ಕೂಗಿಸಿದೆ. ಅಲ್ಲಿಯವರೆಗೆ ಇಲ್ಲದ ಆತಂಕ, ಬೇಡ ಎಂದ ಮೇಲೆ ಶುರುವಾಯಿತು. ಸಂಜೆಯೊಳಗೆ ವಾಟ್ಸಪ್ಪಿನಲ್ಲಿ ಸುದ್ದಿ: ವಾಟರ್‌ಮ್ಯಾನ್ ಟ್ಯಾಂಕಿಗೆ ಏನೋ ಸುರಿದಿದ್ದಾನಂತೆ.

ಇಪ್ಪತ್ತು ವರ್ಷದಿಂದ ಊರಿಗೆ ನೀರು ಬಿಟ್ಟವನು ಅವನು. ಅವನ ಮನೆ ಮುಂದೆ ಜನ ನಿಂತು ಬಯ್ಯುತ್ತಿದ್ದರೆ ಅವನು ಆಚೆಗೇ ಬರಲಿಲ್ಲ. ಟ್ಯಾಂಕ್ ತೊಳೆಸಿ ಎಂದು ಅವನು ಮೂರು ಸಲ ಕೇಳಿದ್ದ. ಸನ್ಮಾನ, ಸಮಾರಂಭ ಅಂತ ಓಡಾಡಿಕೊಂಡು ಮುಂದಕ್ಕೆ ಹಾಕಿದವಳು ನಾನು. ಇದನ್ನು ಅತ್ತೆಗೆ ಹೇಳಿಕೊಂಡೆ.

“ಮೈಕ್‌ನಾಗೆ ಕೂಗ್ಸಿದ್ದು ಸಾಕು ಬುಡು. ನಿನ್ ಬಾಯಲ್ಲೇ ಹೇಳು, ಹೋಗು” ಎಂದರು.

ಬೆಳಿಗ್ಗೆ ಹಾಲಿನ ಡೈರಿ ಮುಂದೆ ಇಡೀ ಊರೇ ಕ್ಯಾನು ಹಿಡಿದು ನಿಂತಿರುತ್ತದೆ. ಜಗಲಿ ಹತ್ತಿದೆ.

“ಟ್ಯಾಂಕಿಗೆ ಯಾರೂ ಏನೂ ಹಾಕಿಲ್ಲ ಕಣ್ರಪ್ಪಾ. ತೊಳ್ಸಿ ಅಂತ ಅವ್ನು ಮೂರು ಸಲ ಬಡ್ಕಂಡ, ನಾನೇ ತೊಳ್ಸ್ಲಿಲ್ಲ. ತಪ್ಪು ನಂದು. ಅದು ತೊಳ್ದು ಸರಿಯಾಗೋಗಂಟ ನಲ್ಲಿ ನೀರು ಕುಡೀಬ್ಯಾಡಿ, ಟ್ಯಾಂಕರ್ ಬತ್ತೈತೆ. ಬಯ್ಯೋದಿದ್ರೆ ನನ್ನ ಬಯ್ರಿ.”

ಬಯ್ದರು. ಹಾಲು ಅಳೆದು ಮುಗಿಯುವವರೆಗೂ ಚೆನ್ನಾಗಿಯೇ ಬಯ್ದರು. ಆಮೇಲೆ ಅವರೇ ಪೊರಕೆ, ಬ್ಲೀಚಿಂಗ್ ಪುಡಿ ಹಿಡಿದು ಟ್ಯಾಂಕ್ ಹತ್ತಿದರು. ವಾಟರ್‌ಮ್ಯಾನ್ ಆಚೆ ಬಂದು, ಯಾರು ಎಲ್ಲಿ ಉಜ್ಜಬೇಕೆಂದು ಗದರಿಸುತ್ತಾ ನಿಂತ. ಅವನ ದನಿ ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ನೀರನ್ನು ಪರೀಕ್ಷೆಗೆ ಕಳಿಸಿ, ಸರಿಯಿದೆ ಎಂದು ತಿಳಿದ ಮೇಲೆ ಬೀದಿ ನಲ್ಲಿಯ ಹತ್ತಿರ ನಿಂತು, ಇನ್ನು ಕುಡಿಯಬಹುದು ಎಂದು ಹೇಳಿದೆ. ಒಬ್ಬರೂ ಬಿಂದಿಗೆ ಮುಂದಿಡಲಿಲ್ಲ. ವಾಟರ್‌ಮ್ಯಾನ್ ಹೆಂಡತಿ ಮಾತ್ರ ಬಂದು ಒಂದು ಲೋಟ ಹಿಡಿದು ಗಟಗಟ ಕುಡಿದಳು. ಬಿಂದಿಗೆ ನಲ್ಲಿಯ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

“ನಿಮ್ ಬಿಂದ್ಗೆ ಎಲ್ಲೈತಕ್ಕಾ?”

ನಮ್ಮ ಮನೆಗೆ ತೋಟದ ಬೋರ್‌ವೆಲ್ ನೀರು. ಅಧ್ಯಕ್ಷೆಯಾದ ಮೇಲೆ ಒಂದು ದಿನವೂ ನಾನು ಆ ನಲ್ಲಿಯ ನೀರು ಕುಡಿದವಳಲ್ಲ. ಅದು ಊರಿಗೆಲ್ಲ ಗೊತ್ತಿತ್ತು, ನನಗೆ ಮಾತ್ರ ಹೊಳೆದಿರಲಿಲ್ಲ.

ಮನೆಗೆ ಓಡಿದೆ. ಅತ್ತೆಯ ಹಿತ್ತಾಳೆ ಬಿಂದಿಗೆ ತಂದು ಅವಳ ಹಿಂದೆ ನಿಂತೆ. ನನ್ನ ಸರದಿ ಬಂದಾಗ ಎಲ್ಲರೆದುರು ಬೊಗಸೆ ಒಡ್ಡಿ ಕುಡಿದೆ. ತಿರುಗಿ ನೋಡಿದರೆ ಬೀದಿಯ ತಿರುವಿನವರೆಗೂ ಬಿಂದಿಗೆಗಳ ಸಾಲು.

ಅವತ್ತಿನಿಂದ ನಮ್ಮ ಮನೆಯಲ್ಲೂ ಅದೇ ನೀರು. ಕಾಫಿಯ ರುಚಿಯೇ ಹೋಯಿತು ಎಂದು ಅತ್ತೆ ಈಗಲೂ ಗೊಣಗುತ್ತಾರೆ. ಟ್ಯಾಂಕ್ ತೊಳೆಸುವುದನ್ನು ಮಾತ್ರ ನಾನು ಮತ್ತೆಂದೂ ಮರೆಯಲಿಲ್ಲ.