ಮೊದಲು ಬರ್ಫಕ್ಕೆ, ಆಮೇಲೆ ಒಲೆಗೆ

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಅರಬರ ನಾಡಿನ ಯುದ್ಧ ಶಹಾಪುರದ ನಮ್ಮ ಓಣಿಗೆ ಬಂದು ಅಬ್ಬಾನ ಬರ್ಫ ಕರಗಿಸಿತು. ಹೀಗೆಂದರೆ ಈಗಲೂ ಜನ ನಗುತ್ತಾರೆ. ನಗಲಿ, ನಾನಂತೂ ಹೇಳುವುದನ್ನು ಬಿಟ್ಟಿಲ್ಲ.

ಅಬ್ಬಾನದು ಬರ್ಫದ, ಅಂದರೆ ಮಂಜುಗಡ್ಡೆಯ, ಅಂಗಡಿ. ಗಡ್ಡೆಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಕರಗದಂತೆ ಸುತ್ತ ಕಟ್ಟಿಗೆ ಹೊಟ್ಟು ತುಂಬಿ, ಮೇಲೆ ಗೋಣಿತಟ್ಟು ಹೊದಿಸುತ್ತಿದ್ದರು. ಇಡೀ ಓಣಿಗೆ ತಂಪು ಹಂಚುವ ಮನುಷ್ಯನಿಗೆ ತಣ್ಣಗಿನದು ತಾಗಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಸುಡು ಬಿಸಿಲಲ್ಲೂ ಅವರು ಕುಡಿಯುತ್ತಿದ್ದುದು ಬಿಸಿ ಚಹಾ.

ಹೊಟ್ಟು ಖಾನಾಪುರದ ಕಟ್ಟಿಗೆ ಮಿಲ್ಲಿನಿಂದ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತಿತ್ತು. ಆ ವರ್ಷ ಚೀಲ ಬರುವುದು ನಿಂತಿತು. ಏನಾಯಿತೆಂದು ನೋಡಲು ಹೋದ ಅಬ್ಬಾನ ಜೊತೆ ನಾನೂ ಹೋದೆ. ಮಿಲ್ಲಿನ ಮುಂದೆ ಡಬ್ಬಿ, ಚೀಲ, ಹರಕು ಚಾದರ ಹಿಡಿದ ಹೆಂಗಸರ ಜಾತ್ರೆ.

"ಚಿಮಣಿ ಎಣ್ಣಿ ಎಲ್ಲೂ ಸಿಗವಲ್ದು. ಮನಿಮನಿಗೆ ಹೊಟ್ಟಿನ ಒಲಿ ಹೂಡ್ಯಾರ. ನಾ ಏನ್ ಮಾಡ್ಲಿರೀ?" ಎಂದು ಮಿಲ್ಲಿನ ಯಜಮಾನರು ಕೈಚೆಲ್ಲಿದರು. ಸಿಕ್ಕಿದ್ದು ಅರ್ಧ ಚೀಲ. ಅದನ್ನು ಕಾಲಡಿ ಇಟ್ಟುಕೊಂಡ ಅಬ್ಬಾ ರೈಲಿನಲ್ಲಿ ಮತ್ತೆ ಮತ್ತೆ ಅದರ ಬಾಯಿ ಬಿಚ್ಚಿ ನೋಡುತ್ತಿದ್ದರು.

ಕಾರಣ ನನಗೆ ಗೊತ್ತಿತ್ತು. ಬಾಜೂ ಮನೆಯ ನೇಕಾರರ ಮಗಳ ಮದುವೆ ಹತ್ತಿರ ಬಂದಿತ್ತು. ಅಬ್ಬಾನ ಕೈಯಿಂದ ಬರ್ಫದ ಚೂರು ಚೀಪುತ್ತಾ ಬೆಳೆದ ಹುಡುಗಿ ಅವಳು. ಮದುವೆಯ ಶರಬತ್ತಿಗೆ ಬರ್ಫ ತನ್ನದೇ ಎಂದು ಅಬ್ಬಾ ಓಣಿಗೆಲ್ಲ ಸಾರಿದ್ದರು. ಬೀಗರ ಮುಂದೆ ಉಗುರುಬೆಚ್ಚಗಿನ ಶರಬತ್ತು ಹೋದರೆ ಅವರು ತಲೆ ಎತ್ತಿ ತಿರುಗುವುದಾದರೂ ಹೇಗೆ?

ಹುಡುಗಿಯ ತಾಯಿಗೆ ನಾವು ಕಾಕು ಅನ್ನುತ್ತಿದ್ದೆವು. ಕಾಕುವಿನ ಮನೆಯಲ್ಲೂ ಹೊಟ್ಟಿನ ಒಲೆ ಬಂದಿತ್ತು. ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಬಾಟಲಿ ಎಳೆದು ಆ ತೂತಿನಲ್ಲಿ ಬೆಂಕಿ ಹಚ್ಚಿದರೆ ಆಯಿತು. ನನಗೆ ಆ ಒಲೆಯನ್ನು ಕಂಡರೆ ಮೈ ಉರಿಯುತ್ತಿತ್ತು. ಒಂದು ದಿನ ಕಾಕುವಿನ ಮುಂದೆ ನಿಂತು, ಸಾಲೆಯಲ್ಲಿ ಮಾಸ್ತರರು ಹೇಳಿದ್ದನ್ನೆಲ್ಲ ಒದರಿದೆ. ಅಲ್ಲಿ ಯುದ್ಧ, ಎಣ್ಣೆ ಬಂದ್, ಇಲ್ಲಿ ಸೀಮೆಎಣ್ಣೆಯ ಸ್ಟೋ ಬಂದ್, ಹೊಟ್ಟೆಲ್ಲ ನಿಮ್ಮ ಒಲೆಗೆ, ನಮ್ಮ ಬರ್ಫ ಗಟಾರಕ್ಕೆ!

"ಅವ್ರ್ ಅಲ್ಲಿ ಬಡದಾಡಿದ್ರ ನಿಮ್ಮಪ್ಪನ ಬರ್ಫ ಯಾಕ ಕರಗಬೇಕ? ಯಾವ ನ್ಯಾಯ ಇದು!" ಎಂದು ಕಾಕು ಸೊಂಟಕ್ಕೆ ಕೈ ಕೊಟ್ಟರು. ನನ್ನ ಸಿಟ್ಟು ಅವರಿಗೂ ಬಂತು. ಆದರೆ ಇಬ್ಬರ ಸಿಟ್ಟಿನಿಂದ ಹೊಟ್ಟೇನೂ ಹುಟ್ಟಲಿಲ್ಲ.

ಮರುದಿನ ಮಧ್ಯಾಹ್ನ ನೋಡಿದರೆ, ಅಬ್ಬಾ ಪೆಟ್ಟಿಗೆಯಿಂದ ತೆಗೆದು ಎಸೆದಿದ್ದ ತೊಯ್ದ ಹೊಟ್ಟನ್ನು ಕಾಕು ಬುಟ್ಟಿಗೆ ಬಳಿದುಕೊಂಡು, ಹಳೆಯ ಸೀರೆಯ ಮೇಲೆ ಬಿಸಿಲಿಗೆ ಹರವುತ್ತಿದ್ದಾರೆ!

"ನೀರು ಕುಡದೈತಿ ಅಷ್ಟ. ಒಣಗಿದ್ರ ಮತ್ತ ಉರೀತೈತಿ," ಎಂದರು.

ನಾನು ಓಡಿ ಅಬ್ಬಾನನ್ನು ಎಳೆದು ತಂದೆ. ಅವರು ಆ ಹೊಟ್ಟನ್ನು ಮುಟ್ಟಿ ನೋಡಿ, ಕಾಕುವಿನ ಮುಖ ನೋಡಿ, ನಗತೊಡಗಿದರು.

"ಹಂಗಾರ ಅಕ್ಕಾರ, ನಿಮ್ಮ ಹೊಸಾ ಹೊಟ್ಟು ಮೊದಲ ನನ್ನ ಪೆಟಗಿಗೆ ಬರ್ಲಿ. ಆಮ್ಯಾಲೆ ನಿಮ್ಮ ಒಲಿಗೆ!"

ಇಡೀ ಓಣಿ ಹಾಗೇ ಮಾಡಿತು. ಯಾರಿಗೆ ಹೊಟ್ಟು ಸಿಕ್ಕರೂ ಮೊದಲು ಅಬ್ಬಾನಿಗೆ. ಬರ್ಫವನ್ನು ಕಾಯ್ದು ತೊಯ್ದ ಮೇಲೆ ಬಿಸಿಲಿಗೆ. ಒಣಗಿದ ಮೇಲೆ ಒಲೆಗೆ. ನೇಯುವ ಸೀರೆಗೆ ಓಣಿಯುದ್ದಕ್ಕೂ ನೂಲಿನ ಹಾಸು ಎಳೆಯುತ್ತಿದ್ದ ಕಾಕುವಿನ ಗಂಡ ಮಾತ್ರ, ಗಾಳಿ ಬೀಸಿದಾಗಲೆಲ್ಲ "ಏ, ಹೊಟ್ಟು ಮುಚ್ರಿ! ಸೀರಿ ತುಂಬ ಧೂಳಾತು!" ಎಂದು ಕೂಗಾಡಿ ಗಂಟಲು ಹರಿದುಕೊಂಡರು.

ಮದುವೆಯ ದಿನ ಪೆಟ್ಟಿಗೆ ತೆರೆದಾಗ ಬರ್ಫದ ಗಡ್ಡೆಗಳ ಮೂಲೆ ಕೂಡ ಸವೆದಿರಲಿಲ್ಲ. ನಾನು ಚಪ್ಪಾಳೆ ತಟ್ಟಿ ಕುಣಿದೆ. ಹಿತ್ತಿಲಲ್ಲಿ ನಿನ್ನೆಮೊನ್ನೆಯ ಹೊಟ್ಟು ಉರಿಯುತ್ತಿತ್ತು, ಅದರ ಮೇಲೆ ಹುಗ್ಗಿ ಬೇಯುತ್ತಿತ್ತು. ಬೀಗರಿಗಿಂತ ಮೊದಲು ಕಾಕು ಒಂದು ಗ್ಲಾಸು ಲಿಂಬು ಶರಬತ್ತು ತಂದು ಅಬ್ಬಾನ ಮುಂದೆ ಹಿಡಿದರು.

"ಕುಡೀರಿ ಅಣ್ಣಾರ. ನೀವು ಕುಡದ ಮ್ಯಾಲೆ ಉಳದವರಿಗೆ."

ಬೇಡವೆನ್ನುತ್ತಾರೆ ಅಂದುಕೊಂಡೆ. ಅಬ್ಬಾ ಗ್ಲಾಸು ಇಸಿದುಕೊಂಡು ಒಂದೇ ಉಸಿರಿಗೆ ಕುಡಿದುಬಿಟ್ಟರು. ಕಣ್ಣು ತುಂಬಿ ಬಂದವು.

"ಹಲ್ಲು," ಎಂದರು ನನ್ನ ಕಡೆ ನೋಡಿ, ಮತ್ತೆ ಖಾಲಿ ಗ್ಲಾಸು ಕಾಕುವಿನ ಮುಂದೆ ಚಾಚಿದರು.