ಕಾಫಿ ಕೊಡದ ಮನೆ

ನಾನು ಚಿಕ್ಕವಳಿದ್ದಾಗ ನಾವಿದ್ದ ಮನೆ ನಮ್ಮದಾಗಿರಲಿಲ್ಲ. ಬಾಳೂರಿನ ಮೇಲಿನ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ರೈಟರ್ ಆಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಸಂಜೆ ಕೊಯ್ದ ಹಣ್ಣು ಅಳೆಸಿಕೊಳ್ಳುವುದು, ಬಟವಾಡೆಯ ದಿನ ಎಲ್ಲರಿಗೂ ಕೂಲಿ ಹಂಚುವುದು ಅವರ ಕೆಲಸ. ಆ ಕೆಲಸಕ್ಕೆಂದು ಎಸ್ಟೇಟಿನವರು ಎರಡು ಕೋಣೆಯ ಹೆಂಚಿನ ಮನೆ ಕೊಟ್ಟಿದ್ದರು. ಕೆಲಸ ಇರುವವರೆಗೆ ಮಾತ್ರ ಮನೆ ಎಂಬುದು ನನಗೆ ತಿಳಿದಿರಲಿಲ್ಲ. ಬಚ್ಚಲ ಒಲೆ, ಮಳೆಗಾಲದಲ್ಲಿ ಬೆವರುವ ಗೋಡೆ, ಹಿತ್ತಲಿನ ಕಿತ್ತಳೆ ಮರ, ಎಲ್ಲವೂ ನಮ್ಮದೇ ಎಂದುಕೊಂಡು ಬೆಳೆದೆ.

ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ ಎಸ್ಟೇಟು ಮಾರಾಟವಾಯಿತು. ಹೊಸ ಸಾಹುಕಾರರು ತಮ್ಮದೇ ರೈಟರನ್ನು ಕರೆದುಕೊಂಡು ಬಂದರು. ಅಪ್ಪನಿಗೆ ಕೆಟ್ಟ ಮಾತೇನೂ ಆಡಲಿಲ್ಲ. ಶನಿವಾರದೊಳಗೆ ಮನೆ ಬಿಟ್ಟುಕೊಡಿ ಎಂದಷ್ಟೇ ಹೇಳಿ ಕಳಿಸಿದರು. ಆ ಮಳೆಗಾಲದಲ್ಲಿ ಅಮ್ಮ ಬಹಳ ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಅದಕ್ಕೆ ಮಾಡಿದ ಸಾಲ ಬಾಳೂರಿನ ದಿನಸಿ ಅಂಗಡಿಯವರ ಹತ್ತಿರ ಹಾಗೇ ಉಳಿದಿತ್ತು. ಕೆಲಸ ಹೋಯಿತು, ಮನೆ ಹೋಗುವುದರಲ್ಲಿತ್ತು, ಸಾಲ ಮಾತ್ರ ಎಲ್ಲಿಗೂ ಹೋಗುವ ಲಕ್ಷಣ ಕಾಣಲಿಲ್ಲ.

ಕಳಸದಲ್ಲಿ ಅಪ್ಪನಿಗೆ ಪರಿಚಯದವರಿದ್ದರು. ಅವರನ್ನು ಕಂಡರೆ ಏನಾದರೂ ದಾರಿಯಾದೀತು ಎಂದು ಒಂದು ದಿನ ಹೊರಟೆವು. ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು. ಕಳಸದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಾರಂತೆ ಎಂದು ಅವಳು ಯಾರಿಂದಲೋ ಕೇಳಿದ್ದಳು, ಅದನ್ನು ವಿಚಾರಿಸಬೇಕಿತ್ತು. ನನ್ನನ್ನು ಕರೆದುಕೊಂಡು ಹೋಗಿದ್ದು ಅಮ್ಮನಿಗೆ ಸ್ವಲ್ಪ ಹೊತ್ತು ಕಾಟ ತಪ್ಪಲಿ ಎಂದು.

ಅಮ್ಮ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ಆದರೂ ಅಂದು ಬೆಳಕು ಹರಿಯುವ ಮೊದಲೇ ಎದ್ದು, ಹಿತ್ತಾಳೆ ತಂಬಿಗೆಯಲ್ಲಿ ಕೆಂಡ ತುಂಬಿ, ಅಪ್ಪನ ಬಿಳಿ ಅಂಗಿಗೆ ಇಸ್ತ್ರಿ ಮಾಡಿದಳು. ಬಿಸಿ ಬಟ್ಟೆಯ ಆ ವಾಸನೆ ನನಗೆ ಈಗಲೂ ನೆನಪಿದೆ. ಆಮೇಲೆ ಹಿತ್ತಲಿಗೆ ಹೋಗಿ ಚೀಲದ ತುಂಬ ಕಿತ್ತಳೆ ಕೀಳಿಸಿದಳು. ಗಿಡ ನೆಟ್ಟಿದ್ದು ಅಮ್ಮ, ನೆಲ ಸಾಹುಕಾರರದ್ದು. ನಮ್ಮ ಕಡೆ ಯಾರ ಮನೆಗೂ ಬರಿಗೈಯಲ್ಲಿ ಹೋಗುವುದಿಲ್ಲ. ಹೋದರೆ ಮನೆಯವರಿಗೂ ಬೇಜಾರು, ಹೋದವರಿಗೂ ಅವಮಾನ. ಕಷ್ಟ ಹೇಳಿಕೊಳ್ಳಲು ಹೋಗುವಾಗಲೂ ಅದೇ ರೀತಿ ಎಂದು ಅಮ್ಮ ನಂಬಿದ್ದಳು.

"ಚೆನ್ನಾಗಿ ಕಾಣ್ಸಿದ್ರೆ ಚೆನ್ನಾಗಿ ಮಾತಾಡಿಸ್ತಾರೆ," ಎಂದು ಅಪ್ಪನ ಕಾಲರು ಸರಿಮಾಡಿ ಕಳಿಸಿದಳು.

ಜೀಪಿನಲ್ಲಿ ಕೋಳಿಗಳಿಗೂ ನಮಗೂ ಒಂದೇ ಜಾಗ. ನಾನು ಅಕ್ಕನ ತೊಡೆಯ ಮೇಲೆ, ನನ್ನ ತೊಡೆಯ ಮೇಲೆ ಕಿತ್ತಳೆ ಚೀಲ. ಕೊಯ್ಲಿನ ಕಾಲವಾದ್ದರಿಂದ ದಾರಿಯುದ್ದಕ್ಕೂ ಕಾಫಿ ಹಣ್ಣಿನ ಸಿಪ್ಪೆ ಕೊಳೆತ ಹುಳಿ ವಾಸನೆ. ಅದರ ಜೊತೆ ಪೆಟ್ರೋಲಿನ ವಾಸನೆಯೂ ಸೇರಿ, ನಾನು ಕಿತ್ತಳೆ ಚೀಲಕ್ಕೆ ಮೂಗು ಒತ್ತಿಕೊಂಡೆ. ಅಪ್ಪ ಮಾತ್ರ ಕೊಡೆ ಊರಿಕೊಂಡು, ಅಂಗಿ ಮುದುರದಂತೆ ನೆಟ್ಟಗೆ ಕೂತಿದ್ದರು.

ಮೊದಲು ಹೋದದ್ದು ಪೇಟೆಯ ಅಂಚಿನಲ್ಲಿದ್ದ ಒಬ್ಬ ದೊಡ್ಡ ಬೆಳೆಗಾರರ ಮನೆಗೆ. ಅವರ ಎಸ್ಟೇಟಿನಲ್ಲಿ ಏನಾದರೂ ಕೆಲಸ ಕೇಳಬೇಕು ಎಂಬುದು ಅಪ್ಪನ ಲೆಕ್ಕ. ಜಗಲಿಯಲ್ಲಿ ಕೂರಿಸಿದರು, ಕಾಫಿ ಬಂತು. ಮನೆಯ ಹೆಂಗಸು ಕಿತ್ತಳೆ ಈಸಿಕೊಂಡು ಅಪ್ಪನ ಅಂಗಿ ನೋಡಿದರು. ಆಮೇಲೆ ಅಕ್ಕನ ಲಂಗದಾವಣಿ ನೋಡಿದರು. ಅವರ ಮುಖ ಅರಳಿತು.

"ಏನ್ ರೈಟ್ರೆ, ದೊಡ್ ಮಗಳ ಮದ್ವೆಗೆ ಕರೆಯಕ್ ಬಂದ್ರಾ? ಯಾವೂರಿನ ಗಂಡು?"

ಅಕ್ಕ ಕಾಫಿ ಲೋಟದೊಳಗೆ ಮುಖ ಹುದುಗಿಸಿದಳು. ಅಪ್ಪ ನಕ್ಕರು. ಹೇಳಬೇಕಾದ ಮಾತು ಗಂಟಲಿನವರೆಗೂ ಬಂದಿದ್ದು ನನಗೇ ಕಾಣುತ್ತಿತ್ತು. ಆದರೆ ಅಷ್ಟು ಸಂತೋಷದಿಂದ ಕೇಳಿದವರಿಗೆ 'ಕೆಲಸ ಹೋಗಿದೆ' ಎಂದು ಹೇಗೆ ಹೇಳುವುದು?

"ಇಲ್ಲ ಇಲ್ಲ, ಅದಕ್ಕಿನ್ನೂ ಟೈಮಿದೆ. ಸುಮ್ನೆ ಈ ಕಡೆ ಬಂದಿದ್ವಿ," ಎಂದರು.

ಎರಡನೆಯದು ಅಪ್ಪನ ಹಾಗೆಯೇ ಬೇರೆ ಎಸ್ಟೇಟಿನಲ್ಲಿ ರೈಟರ್ ಆಗಿದ್ದ ಸ್ನೇಹಿತರ ಮನೆ. ಅಲ್ಲಿಯೂ ಕಿತ್ತಳೆ ಕೊಟ್ಟೆವು, ಕಾಫಿ ಕುಡಿದೆವು. ಅಪ್ಪ ಬಾಯಿ ತೆರೆಯುವ ಮೊದಲೇ ಸ್ನೇಹಿತರು ಕುರ್ಚಿ ಹತ್ತಿರ ಎಳೆದುಕೊಂಡರು.

"ನೀವ್ ಬಂದಿದ್ದು ಒಳ್ಳೇದೇ ಆಯ್ತು ಮಾರಾಯ್ರೆ. ನನ್ ಬಾಮೈದ ಮನೇಲಿ ಕೂತಿದಾನೆ. ನಿಮ್ ಹೊಸ ಸಾಹುಕಾರ್ರಿಗೆ ಒಂದ್ ಮಾತ್ ಹೇಳಿ ಏನಾದ್ರೂ ಕೊಡ್ಸಿ."

ಅಪ್ಪ "ನೋಡೋಣ, ಹೇಳ್ತೀನಿ," ಎಂದುಬಿಟ್ಟರು.

ರಸ್ತೆಗೆ ಬಂದ ಮೇಲೆ ಅಕ್ಕನಿಗೆ ತಡೆಯಲಾಗಲಿಲ್ಲ. "ಕೆಲ್ಸ ಕೇಳಕ್ ಹೋಗಿ ಕೆಲ್ಸ ಕೊಡಿಸ್ತೀನಿ ಅಂತ ಒಪ್ಕೊಂಡ್ ಬಂದ್ರಲ್ಲ ಅಪ್ಪ!" ಅಪ್ಪ ಬಿಸಿಲಿಲ್ಲದಿದ್ದರೂ ಕೊಡೆ ಬಿಚ್ಚಿಕೊಂಡು ಮುಂದೆ ಮುಂದೆ ನಡೆದರು.

ಮೂರನೆಯ ಮನೆಯವರಿಗೆ ಪೇಟೆಯಲ್ಲಿ ಸಾಲಾಗಿ ಬಾಡಿಗೆ ಮನೆಗಳಿದ್ದವು. ಕೆಲಸ ಸಿಗದಿದ್ದರೂ ತಲೆಯ ಮೇಲೊಂದು ಸೂರಾದರೂ ಆಗಲಿ ಎಂದು ಅಲ್ಲಿಗೆ ಹೋದೆವು. ಮತ್ತೆ ಕಿತ್ತಳೆ, ಮತ್ತೆ ಕಾಫಿ. ಅಷ್ಟರಲ್ಲಿ ನನ್ನ ಹೊಟ್ಟೆಯಲ್ಲಿ ಕಾಫಿಯೇ ಕುಲುಕಾಡುತ್ತಿತ್ತು, ಬೇಡ ಎನ್ನುವಂತಿರಲಿಲ್ಲ. ಮನೆಯ ಯಜಮಾನರು ತಾವಾಗಿಯೇ ಮಾತು ತೆಗೆದರು. ಕೊನೆಯ ಮನೆ ಖಾಲಿಯಿದೆಯಂತೆ. ನನಗೆ ಜೀವ ಬಂದ ಹಾಗಾಯಿತು.

"ಯಾರಾದ್ರೂ ಮರ್ಯಾದಸ್ಥರಿದ್ರೆ ಹೇಳಿ ರೈಟ್ರೆ. ಅಡ್ವಾನ್ಸ್ ಒಂದೇ ಸಲ ಕೊಡೋವಂಥೋರು ಬೇಕು. ಈಗ್ ಬರೋರೆಲ್ಲ ಕೈ ಬೀಸ್ಕೊಂಡು ಬರ್ತಾರೆ."

ಅಪ್ಪ ಲೋಟ ಕೆಳಗಿಟ್ಟರು. "ಆಗ್ಲಿ, ಹೇಳ್ತೀನಿ," ಎಂದರು. ಎದ್ದು ಬಂದೆವು.

ಮಕ್ಕಳೇ, ಅಂದು ನಮಗೆ ಯಾರೂ 'ಇಲ್ಲ' ಎನ್ನಲಿಲ್ಲ. ಯಾರೂ ಬಾಗಿಲು ಹಾಕಲಿಲ್ಲ. ಎಲ್ಲರೂ ಕೂರಿಸಿ, ಕಾಫಿ ಕೊಟ್ಟು, ಗೇಟಿನವರೆಗೂ ಬಂದು ಕಳಿಸಿಕೊಟ್ಟರು. ಅದಕ್ಕೇ ನನಗೆ ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಕಾಲು ಬಾವು ಬಂದಂತಾಗಿತ್ತು. ಅಪ್ಪನ ಅಂಗಿಯ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು, ಇಸ್ತ್ರಿಯ ಗೆರೆ ಎಲ್ಲಿ ಹೋಯಿತೋ.

ಕೊನೆಗೆ ಉಳಿದದ್ದು ಕಾಳುಮೆಣಸು ವ್ಯಾಪಾರ ಮಾಡುವ ಒಬ್ಬ ಅಜ್ಜಿಯ ಮನೆ. ಗಂಡ ತೀರಿಕೊಂಡ ಮೇಲೆ ವ್ಯಾಪಾರವನ್ನು ಆಕೆಯೇ ನಡೆಸುತ್ತಿದ್ದರು. ವರ್ಷಾ ವರ್ಷ ಎಸ್ಟೇಟಿನ ಮೆಣಸು ತೂಗಿಸಲು ಅಪ್ಪ ಅಲ್ಲಿಗೆ ಹೋಗುತ್ತಿದ್ದುದರಿಂದ ಪರಿಚಯವಿತ್ತು. ಗಟ್ಟಿ ಹೆಂಗಸು, ಬಾಯಿ ಸ್ವಲ್ಪ ಜೋರು ಎಂದು ಹೆಸರು. ಅವರ ಮನೆಯ ಮುಂದಿನ ಹಲಸಿನ ಮರದ ಕೆಳಗೆ ಬಂದಾಗ ಅಪ್ಪ ಚೀಲಕ್ಕೆ ಕೈ ಹಾಕಿದರು. ಒಂದು ಹಣ್ಣೂ ಉಳಿದಿರಲಿಲ್ಲ.

ಅಪ್ಪ ಅಲ್ಲೇ ನಿಂತರು. "ಬರಿಗೈಲಿ ಹ್ಯಾಗ್ ಹೋಗದು? ಇನ್ನೊಂದಿನ ಬರೋಣ," ಎಂದು ಖಾಲಿ ಚೀಲ ಮಡಿಸತೊಡಗಿದರು. ಇನ್ನೊಂದು ದಿನ ಎಲ್ಲಿತ್ತು? ಶನಿವಾರ ಎದುರಿಗೇ ಕೂತಿತ್ತು. ಆದರೂ ಅವರ ಕಾಲು ಮುಂದೆ ಹೋಗಲಿಲ್ಲ. ಅಷ್ಟು ದಣಿದ ಮುಖವನ್ನು ನಾನು ಆಮೇಲೆ ಬಹಳ ಜನರಲ್ಲಿ ನೋಡಿದ್ದೇನೆ, ಮೊದಲು ನೋಡಿದ್ದು ಅಂದು.

ಅಕ್ಕ ನನ್ನ ಕೈ ಹಿಡಿದು ಎಳೆದುಕೊಂಡು ಗೇಟು ದಾಟಿಯೇ ಬಿಟ್ಟಳು. ಅಜ್ಜಿ ಜಗಲಿಯಲ್ಲಿ ಕೂತು ಮೊರದಲ್ಲಿ ಮೆಣಸು ಕೇರುತ್ತಿದ್ದರು. ಹಣೆಯಲ್ಲಿ ವಿಭೂತಿ, ಸೆರಗಿನ ತುಂಬ ಮೆಣಸಿನ ಧೂಳು. ನಾನು ಹತ್ತಿರ ಹೋಗುತ್ತಲೇ ಸೀನಿದೆ. ಅವರು ಮೊರ ನಿಲ್ಲಿಸಿ ಅಕ್ಕನ ಮುಖ ನೋಡಿದರು, ಕೈ ನೋಡಿದರು.

"ರೈಟ್ರ ಮಗಳಲ್ವಾ? ನಿಮ್ಮನೆಯೋರು ಬರಿಗೈಲಿ ಬರೋರಲ್ಲ. ಏನೋ ಬೇಕಾಗೇ ಬಂದಿದೀಯ. ಏನ್ ಬೇಕು, ಹೇಳು."

ಬೆಳಗಿನಿಂದ ಯಾರೂ ಕೇಳದೇ ಹೋದ ಮಾತು ಅದು. ಅಕ್ಕ ಬಾಯಿ ತೆರೆದಳು, ಎಲ್ಲ ಒಟ್ಟಿಗೇ ಹೊರಬಂತು. "ಮನೆ ಬೇಕು. ಶನಿವಾರ ಮನೆ ಬಿಡ್ಬೇಕು. ಅಪ್ಪಂಗೆ ಕೆಲ್ಸ ಇಲ್ಲ. ಬಾಳೂರಂಗಡೀಲಿ ಅಮ್ಮನ ಆಸ್ಪತ್ರೆ ಸಾಲ ಇದೆ. ಅಡ್ವಾನ್ಸ್ ಕೊಡಕ್ಕಾಗಲ್ಲ. ನಂಗೆ ಹೊಲಿಗೆ ಕಲೀಬೇಕು." ಕೊನೆಯ ಮಾತು ಹೇಳುವಾಗ ಅಳು ಬಂದುಬಿಟ್ಟಿತು. ಅವಳು ಅತ್ತಿದ್ದು ನೋಡಿ ನಾನೂ ಅತ್ತೆ. ನನಗೆ ಮೆಣಸಿನ ಘಾಟಿನ ಸಹಾಯವೂ ಇತ್ತು.

ಅಜ್ಜಿ ಸಮಾಧಾನ ಮಾಡಲಿಲ್ಲ. "ನಿಮ್ಮಪ್ಪ ಎಲ್ಲಿ?" ಎಂದರು. ಅಕ್ಕ ಮರದ ಕಡೆ ತೋರಿಸಿದಳು. ಅಪ್ಪ ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡು ಬಂದು, ಅಭ್ಯಾಸದಂತೆ ಶುರುಮಾಡಿದರು, "ಸುಮ್ನೆ ಈ ಕಡೆ..."

"ಸುಮ್ನೆ ಯಾರೂ ಹೀಗೆ ಮಕ್ಕಳನ್ನ ನಡೆಸ್ಕೊಂಡ್ ತಿರುಗಲ್ಲ ಮಾರಾಯ್ರೆ. ಮಗಳು ಎಲ್ಲ ಹೇಳಿದಾಳೆ. ಕೂತ್ಕೊಳ್ಳಿ."

ಮುಂದಿನದೆಲ್ಲ ವ್ಯಾಪಾರದ ಹಾಗೇ ನಡೆಯಿತು. ಗೋದಾಮಿನ ಹಿಂದೆ ಒಂದು ಕೋಣೆಯಿದೆ, ಮೂಟೆ ತೆಗೆಸಿದರೆ ಇರಬಹುದು. ಅಡ್ವಾನ್ಸ್ ಬೇಡ, ಬಾಡಿಗೆ ಬಿಡುವುದಿಲ್ಲ, ಸಂಬಳದಲ್ಲಿ ಹಿಡಿದುಕೊಳ್ಳುತ್ತೇನೆ ಎಂದರು. ಕೆಲಸ ತೂಕ ಮಾಡುವುದು, ಆಳು ಬರದ ದಿನ ಮೂಟೆಯನ್ನೂ ಎತ್ತುವುದು. "ಈ ಬಿಳಿ ಅಂಗಿ ನಡೆಯಲ್ಲ," ಎಂದೂ ಹೇಳಿದರು. ಬಾಳೂರಿನ ಅಂಗಡಿಯವರು ತಮ್ಮಲ್ಲಿಗೇ ಮೆಣಸು ಕೊಳ್ಳಲು ಬರುತ್ತಾರೆ, ತಿಂಗಳಿಗಿಷ್ಟು ಎಂದು ಸಾಲ ತೀರಿಸಿಕೊಳ್ಳಲು ಅವರನ್ನು ಒಪ್ಪಿಸುವುದಾಗಿ ಹೇಳಿದರು. ಹೊಲಿಗೆ ಕಲಿಸುವ ಹೆಂಗಸರ ಸಂಘ ಅದೇ ಬೀದಿಯಲ್ಲಿತ್ತು. ಅಕ್ಕನನ್ನು ಆಗಲೇ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ ಬಂದರು. ಇಷ್ಟೆಲ್ಲ ಮಾಡಿದವರು ಕಾಫಿ ಕೊಡುವುದನ್ನು ಮಾತ್ರ ಮರೆತರು. ಅಂದು ಕಾಫಿ ಕೊಡದ ಮನೆ ಅದೊಂದೇ.

ಜೀಪಿನಲ್ಲಿ ವಾಪಸು ಬರುವಾಗ ಅಪ್ಪ ಅಂಗಿ ಮುದುರಿದರೆ ಮುದುರಲಿ ಎಂಬಂತೆ ಒರಗಿ ಕೂತರು. ಸ್ವಲ್ಪ ದೂರ ಬಂದ ಮೇಲೆ ಅಕ್ಕನ ತಲೆಯ ಮೇಲೆ ಕೈಯಿಟ್ಟರು.

ಆ ಕೋಣೆಯಲ್ಲಿ ಬಹಳ ವರ್ಷ ಇದ್ದೆವು. ಸುಖವಾಗಿದ್ದೆವು ಎಂದು ಹೇಳಿದರೆ ಸುಳ್ಳಾಗುತ್ತದೆ. ಕಿಟಕಿ ಒಂದೇ, ಅನ್ನಕ್ಕೂ ಹಾಸಿಗೆಗೂ ಮೆಣಸಿನ ಘಾಟು, ನೆಂಟರು ಬಂದರೆ ಸೀನುತ್ತಲೇ ಮಾತಾಡುತ್ತಿದ್ದರು. ಅಪ್ಪನ ಬೆನ್ನು ಬಾಗಿತು. ರೈಟ್ರೇ ಎಂದು ಕರೆಯುವವರು ಕಡಿಮೆಯಾದರು, ಆ ನೋವು ಅವರಿಗೆ ಕೊನೆಯವರೆಗೂ ಇತ್ತು. ಸಾಲ ತೀರಿದ್ದು ನಿಧಾನವಾಗಿ. ಅಕ್ಕನ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಾ ನಾನು ಓದಿದೆ. ಆದರೆ ನಾವು ಬೀದಿಗೆ ಬೀಳಲಿಲ್ಲ, ಅಮ್ಮ ಮತ್ತೆ ಗೋಡೆ ಹಿಡಿಯದೆ ನಡೆದಳು.

ಇದನ್ನೆಲ್ಲ ಈಗೇಕೆ ಹೇಳುತ್ತಿದ್ದೇನೆ ಎಂದು ನಿಮಗೆ ಅನಿಸಬಹುದು. ನಿಮ್ಮಪ್ಪ, ನನ್ನ ಮಗ, ಜೀಪು ಓಡಿಸುತ್ತಿದ್ದ ಹೋಂಸ್ಟೇ ಮುಚ್ಚಿದೆ. ಜೀಪಿನ ಸಾಲ ಮುಚ್ಚಿಲ್ಲ. ಮೂಡಿಗೆರೆಯ ಈ ಮನೆಯ ಬಾಡಿಗೆ ಎರಡು ತಿಂಗಳಿಂದ ನಿಂತಿದೆ. ನೀವು ಚಿಕ್ಕವರು, ಇದೆಲ್ಲ ನಿಮಗೆ ಗೊತ್ತಾಗಬಾರದು ಎಂದು ದೊಡ್ಡವರು ಅಂದುಕೊಂಡಿದ್ದಾರೆ. ಆದರೆ ನಿಮಗೆ ಗೊತ್ತಿದೆ, ನನಗೂ ಆ ವಯಸ್ಸಿನಲ್ಲಿ ಗೊತ್ತಿತ್ತು.

ನಿಮ್ಮ ಕಾಲದಲ್ಲಿ ಜೀಪು ಹತ್ತಿ ಊರೂರು ತಿರುಗಬೇಕಿಲ್ಲ. ಮೊನ್ನೆ ಸಂಜೆ ನೀವೇ ಫೋನಿನಲ್ಲಿ ಹುಡುಕಿ ತೋರಿಸಿದಿರಲ್ಲ, ಕೆಲಸಕ್ಕೆ ಎಲ್ಲಿ ಕೇಳಬೇಕು, ತರಬೇತಿ ಎಲ್ಲಿ, ಸಾಲಕ್ಕೆ ಯಾರು ಸಲಹೆ ಕೊಡುತ್ತಾರೆ, ಬಾಡಿಗೆಗೆ ಯಾರು ನೆರವಾಗುತ್ತಾರೆ, ಎಲ್ಲ ಒಂದೇ ಪುಟದಲ್ಲಿ. ಮೇಲೆ ದೊಡ್ಡದಾಗಿ ಬರೆದಿತ್ತು, 'ನಿಮಗೆ ಏನು ಸಹಾಯ ಬೇಕು?' ನಾವು ಬೆಳಗಿನಿಂದ ನಡೆದು ನಡೆದು ಸಂಜೆಗೆ ಕೇಳಿಸಿಕೊಂಡ ಮಾತು ನಿಮ್ಮಪ್ಪನ ಅಂಗೈಗೇ ಬಂದು ಕೂತಿತ್ತು. ಅವನು ಅದನ್ನು ಓದಿದ. ಆಮೇಲೆ ಫೋನು ಬೋರಲು ಹಾಕಿ, "ನಂಗೇನಾಗಿದೆ ಈಗ," ಎಂದು ಎದ್ದು ಹೋದ. ನನ್ನ ಅಪ್ಪನೇ ಎದ್ದು ಹೋದ ಹಾಗಿತ್ತು.

ಎಷ್ಟು ದಿನದಿಂದ ಅವನೂ ಇಸ್ತ್ರಿ ಅಂಗಿ ತೊಟ್ಟು, ಕೈಯಲ್ಲೊಂದು ಚೀಲ ಹಿಡಿದು, ಗೋಣಿಬೀಡಿನವರೆಗೂ ಹೋಗಿ ಪರಿಚಯದವರನ್ನೆಲ್ಲ ಕಂಡು ಬರುತ್ತಿದ್ದಾನೆ. ಏನಾಯಿತು ಎಂದರೆ, ಚೆನ್ನಾಗಿ ಮಾತಾಡಿಸಿದರು ಎನ್ನುತ್ತಾನೆ. ನನಗೆ ಕೇಳಿ ಕೇಳಿ ಸಾಕಾಯಿತು. ನಿನ್ನೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕಥೆ ಹೇಳಿದೆ.

ಇವತ್ತು ಬೆಳಿಗ್ಗೆ ನಿಮ್ಮಮ್ಮ ಎಂದಿನಂತೆ ಇಸ್ತ್ರಿ ಅಂಗಿಯನ್ನೂ ಕಿತ್ತಳೆ ಚೀಲವನ್ನೂ ತೆಗೆದಿಟ್ಟಿದ್ದಳು. ಅವನು ಜೀಪು ತೊಳೆಯುವಾಗ ಹಾಕಿಕೊಳ್ಳುವ ಹಳೆಯ ಅಂಗಿ ತೊಟ್ಟು, "ಕೇಳಿ ಬರ್ತೀನಿ," ಎಂದು ಬರಿಗೈ ಬೀಸಿಕೊಂಡು ಮೆಟ್ಟಿಲಿಳಿದು ಹೋದ. ಇನ್ನೂ ಬಂದಿಲ್ಲ. ನೀವೀಗ ಸುಲಿದು ತಿನ್ನುತ್ತಿದ್ದೀರಲ್ಲ, ಅವು ಅವನು ಬಿಟ್ಟುಹೋದ ಹಣ್ಣುಗಳು.