ಇದ್ದಿಲ ಕಾನೂನು ಮತ್ತು ಅತ್ತೆಯ ಹೊಲ

ಯುದ್ಧದ ಕಾಲದಲ್ಲಿ ನಮ್ಮ ಕಡೆಯ ಬಸ್ಸು ಇದ್ದಿಲಿನಿಂದ ಓಡುತ್ತಿತ್ತು ಎಂದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ಅಜ್ಜಿ ಕತೆ ಕಟ್ಟುತ್ತಾಳೆ ಎಂದು ನಗುತ್ತಾರೆ. ಕಟ್ಟುವುದೇ ಆಗಿದ್ದರೆ ಇದಕ್ಕಿಂತ ಚೆಂದದ್ದನ್ನು ಕಟ್ಟುತ್ತಿದ್ದೆ. ಪೆಟ್ರೋಲೆಲ್ಲ ದಂಡಿಗೆ ಹೋಗಿತ್ತು. ಆದವಾನಿಯಿಂದ ದೇವನಕೊಂಡದ ಕಡೆಗೆ ಬರುವ ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಡಬ್ಬಿ ಕಟ್ಟಿದ್ದರು. ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಹಾಕಿ, ಕೈಯಿಂದ ಗಾಳಿಚಕ್ರ ತಿರುವಿದ ಮೇಲೆಯೇ ಅದು ಹೊರಡುವ ಮನಸ್ಸು ಮಾಡುತ್ತಿತ್ತು. ಏರು ಬಂದರೆ ಗಂಡಸರೆಲ್ಲ ಇಳಿದು ದೂಡಬೇಕು. ನಾನು ಮದುವೆಯಾಗಿ ಗಂಡನ ಮನೆಗೆ ಬಂದದ್ದು ಅದೇ ಬಸ್ಸಿನಲ್ಲಿ. ಬಾಸಿಂಗ ಕಟ್ಟಿದ್ದ ಮದುಮಗನೂ ಇಳಿದು ದೂಡಿದ. ಆ ಮಾತನ್ನು ನಾನು ಅವರಿಗೆ ಮರೆಯಲು ಬಿಟ್ಟವಳಲ್ಲ.

ಬಸ್ಸಿಗೆ ಇದ್ದಿಲು ಬೇಕು, ಇದ್ದಿಲಿಗೆ ಮರ ಬೇಕು. ಮರ ಇದ್ದದ್ದು ಊರ ಹಿಂದಿನ ಗುಡ್ಡದಲ್ಲಿ, ಗುಡ್ಡ ಸರಕಾರದ್ದು. ಹಾಗಾಗಿ ಕಾನೂನು ಬಂತು. ಅದನ್ನು ಊರಿಗೆ ಓದಿ ಹೇಳಿದವರು ನನ್ನ ಮಾವ, ಗಂಡನ ತಂದೆ. ಅವರು ಊರಿನ ಮುನಸೀಫರು, ಕಂದಾಯ ಎತ್ತಿ ಸರಕಾರದ ಹುಕುಮು ನಡೆಸುವವರು. ಸರಕಾರದ ಕಾಗದವೆಂದರೆ ಅವರಿಗೆ ಊಟ ನಿದ್ದೆಗಿಂತ ಹೆಚ್ಚು. ಡಂಗುರ ಹೊಡೆಸಿ, ಚಾವಡಿಯ ಕಟ್ಟೆಯ ಮೇಲೆ ನಿಂತು, ತೆಲುಗಿನಲ್ಲಿದ್ದ ಹುಕುಮನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಗುಡ್ಡ, ಹಳ್ಳದ ದಂಡೆ, ಕೆರೆಯಂಗಳ, ಬಂಜರು, ಹೀಗೆ ಸರಕಾರದ ಲೆಕ್ಕದಲ್ಲಿರುವ ಯಾವ ನೆಲದಲ್ಲೂ ಪರವಾನಗಿ ಇಲ್ಲದೆ ಇದ್ದಿಲು ಸುಡಕೂಡದು. ಗುಡ್ಡದ ಮರ ಗುತ್ತಿಗೆದಾರನಿಗೆ, ಅವನು ಸುಟ್ಟ ಇದ್ದಿಲು ಬಸ್ಸಿಗೆ. ಒಲೆಗೆ ಬೇಕಾದ ಒಣಕಟ್ಟಿಗೆಯನ್ನು ಮಾತ್ರ ತಲೆಹೊರೆಯಲ್ಲಿ ತರಬಹುದು.

ಊರವರು ತಲೆಯಾಡಿಸಿದರು. ಗುಡ್ಡದ ಮರ ಮುಟ್ಟಬಾರದು, ಇಷ್ಟೇ ತಾನೆ ಎಂದುಕೊಂಡು ಮನೆಗೆ ಹೋದರು.

ಅವರ ತಲೆಯಲ್ಲಿದ್ದ ಚಿಂತೆ ಕಮ್ಮಾರನ ಕುಲುಮೆಯದು. ನಮ್ಮ ಕಡೆ ಕಮ್ಮಾರ ಇದ್ದಿಲು ಇಡುವುದಿಲ್ಲ. ಯಾರ ನೇಗಿಲ ಕುಳ, ಯಾರ ಕುಡುಗೋಲು ಹದ ಮಾಡಬೇಕೋ ಅವರೇ ತಮ್ಮ ಬುಟ್ಟಿಯಲ್ಲಿ ಇದ್ದಿಲು ಹೊತ್ತು ತರಬೇಕು. ಹೀಗಾಗಿ ಬೇಸಿಗೆಯ ಕೊನೆಗೆ ಮನೆಮನೆಯವರೂ ಜಾಲಿ ಕಡಿದು, ಹಳ್ಳದ ದಂಡೆಯಲ್ಲಿ ತಗ್ಗು ತೆಗೆದು, ಕಟ್ಟಿಗೆ ಒಟ್ಟಿ, ಮೇಲೆ ಹಸಿಮಣ್ಣು ಮೆತ್ತಿ ಬೆಂಕಿ ಇಡುತ್ತಿದ್ದರು. ಒಳಗೇ ನಿಧಾನ ಬೆಂದು ಇದ್ದಿಲಾಗುತ್ತಿತ್ತು. ದಂಡೆಯೇ ಯಾಕೆಂದರೆ ಅಲ್ಲಿ ನೀರೂ ಉಂಟು, ಹಸಿಮಣ್ಣೂ ಉಂಟು. ಅಜ್ಜ ಮುತ್ತಜ್ಜ ಸುಟ್ಟದ್ದೂ ಅಲ್ಲಿಯೇ. ಆ ವರ್ಷ ಗುಡ್ಡಕ್ಕೆ ಯಾರೂ ಕಾಲಿಡಲಿಲ್ಲ. ತಮ್ಮ ತಮ್ಮ ಬದುವಿನ ಜಾಲಿಯನ್ನೇ ಕಡಿದು, ಕಾನೂನು ಪಾಲಿಸಿದೆವೆಂಬ ಸಮಾಧಾನದಲ್ಲಿ ದಂಡೆಗೆ ತಂದು ಸುಟ್ಟರು. ನಮ್ಮ ಮನೆಯ ಜಾಲಿಯೂ ಅಲ್ಲೇ ಬೆಂದಿತು. ಕಳುಹಿಸಿದವರು ಮಾವನೇ.

ಹೊಗೆ ಕಂಡು ಫಾರೆಸ್ಟ್ ಗಾರ್ಡು ಸೈಕಲ್ ಮೇಲೆ ಬಂದ. ಒಳ್ಳೆಯ ಮನುಷ್ಯನೇ, ಗದರಲಿಲ್ಲ. ಊರವರು ಬದುವಿನ ಮೋಟು ತೋರಿಸಿದರು, ನಮ್ಮದೇ ಮರ ಎಂದರು. "ಚೆಟ್ಟು ಮೀದೇನಂಡಿ, ನೇಲ ಸರ್ಕಾರ್‌ದಿ" ಎಂದ. ಮರ ನಿಮ್ಮದೇ, ನೆಲ ಸರಕಾರದ್ದು. ಮಾವ ಹುಕುಮಿನ ಕಾಗದವನ್ನು ಮತ್ತೆ ಬಿಚ್ಚಿ ನೋಡಿದರು. ತಾವೇ ಓದಿದ ಹುಕುಮಿನಲ್ಲಿ ಹಳ್ಳದ ದಂಡೆ ಎಂಬ ಮಾತಿತ್ತು, ಬಾಯಲ್ಲಿ ಓದಿದ್ದರು, ಅದು ತಾವು ದಿನಾ ಬೆಳಿಗ್ಗೆ ನಡೆದಾಡುವ ದಂಡೆಯೆಂದು ಹೊಳೆದಿರಲಿಲ್ಲ. ಊರಿನ ಇದ್ದಿಲೆಲ್ಲ ಗಾಡಿ ಏರಿ ಆದವಾನಿಗೆ ಹೋಯಿತು. ಜಪ್ತಿಯ ಕಾಗದಕ್ಕೆ ಮಾವ ಮೊದಲು ತಮ್ಮ ಮನೆಯ ಇದ್ದಿಲನ್ನೇ ಬರೆಸಿ ಸಹಿ ಹಾಕಿದರು. ಒಂದು ಮಾತು ಹೇಳಿದ್ದರೆ ಗಾರ್ಡು ಅರ್ಧವನ್ನಾದರೂ ಬಿಡುತ್ತಿದ್ದ ಎಂದು ಊರವರು ಆಡಿಕೊಂಡರು. ಮಾವ ಹೇಳುವವರಲ್ಲ.

ಈಗ ಅತ್ತೆಯ ವಿಷಯ ಹೇಳಬೇಕು. ಅತ್ತೆ ಚಿಪ್ಪಗಿರಿ ಕಡೆಯವರು. ಅವರ ಅಪ್ಪ ಮಗಳ ಅರಿಶಿನ ಕುಂಕುಮಕ್ಕೆಂದು ನಮ್ಮೂರಲ್ಲೇ, ಹಳ್ಳಕ್ಕೆ ಹೊಂದಿಕೊಂಡಂತೆ ಒಂದು ತುಂಡು ಎರೆಹೊಲ ಕೊಂಡು ಅವರ ಹೆಸರಿಗೆ ಬರೆಸಿದ್ದರು. ಮನೆಯಲ್ಲಿ ಅತ್ತೆಯದೆನ್ನುವುದು ಬೇರೆ ಏನೂ ಇರಲಿಲ್ಲ. ಕಣಜದ ಬೀಗ ಮಾವನದು, ಬಂಗಾರ ಮನೆತನದ್ದು, ಮಗನೂ ಅಪ್ಪನ ಮಾತು ಕೇಳುವವನು. ಆ ಹೊಲದಲ್ಲಿ ಏನು ಬಿತ್ತಬೇಕು ಎನ್ನುವುದು ಮಾತ್ರ ಅತ್ತೆಗೆ ಬಿಟ್ಟದ್ದು. ನವಣೆ ಬಿತ್ತುತ್ತಿದ್ದರು, ನಡುನಡುವೆ ತೊಗರಿ, ಅಂಚಿಗೆ ಪುಂಡಿ. ಬೆಳೆದದ್ದನ್ನು ಮಗಳ ಮನೆಗೆ ಕಳಿಸುತ್ತಿದ್ದರು, ಜಂಗಮರಿಗೆ ನೀಡುತ್ತಿದ್ದರು, ನಾನು ಹಸಿ ಬಾಣಂತಿಯಾಗಿದ್ದಾಗ ನವಣೆ ಅನ್ನ ಮಾಡಿ ತುಪ್ಪ ಸುರಿದು ಇಕ್ಕಿದ್ದರು. ಯಾರಿಗೆ ಕೊಟ್ಟೆ ಎಂದು ಕೇಳುವವರಿರಲಿಲ್ಲ. ಆ ಹೊಲಕ್ಕೆ ಹೋಗುವಾಗ ಅವರ ನಡಿಗೆಯೇ ಬೇರೆ. ನಾನು ಅಣಕಿಸಿ ತೋರಿಸಿದರೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು.

ಇದ್ದಿಲು ಹೋದ ಮೇಲೆ ಊರು ಚಾವಡಿಯಲ್ಲಿ ಸೇರಿತು. ಚಾವಡಿಗೂ ನಮ್ಮ ಮನೆಗೂ ಒಂದೇ ಗೋಡೆ. ಹಿತ್ತಿಲ ಬದಿ ಕೂತರೆ ಎಲ್ಲ ಕೇಳುತ್ತದೆ, ನಾನು ಕೂತಿದ್ದೆ. ಅತ್ತೆ ಹೊಲಕ್ಕೆ ಹೋಗಿದ್ದರು. ಮೋಡ ಕಟ್ಟುತ್ತಿತ್ತು, ಕುಳಗಳೆಲ್ಲ ಮೊಂಡು. ಪರವಾನಗಿಗೆ ಬರೆದರೆ ಆದವಾನಿಗೆ ಹೋಗಿ, ಅಲ್ಲಿಂದ ಜಿಲ್ಲಾ ಕಚೇರಿಗೆ ಹೋಗಿ, ತಿರುಗಿ ಬರುವಷ್ಟರಲ್ಲಿ ಮುಂಗಾರು ಮುಗಿದೇಹೋಗುತ್ತದೆ. ಬದುವಿನಲ್ಲಿ ಇನ್ನೂ ಜಾಲಿ ಇತ್ತು. ಸ್ವಂತ ಹೊಲದಲ್ಲಿ ಸುಟ್ಟರೆ ಕಾನೂನಿನ ಅಡ್ಡಿಯೂ ಇಲ್ಲ ಎಂದು ಮಾವ ವಿವರಿಸಿದರು.

"ಹಂಗಾರ ಯಾರ ಹೊಲದಾಗ ಸುಡಾದ್ರಿ?" ಎಂದು ಯಾರೋ ಕೇಳಿದರು.

ಆಗ ಒಬ್ಬೊಬ್ಬರೂ ಒಂದೊಂದು ನೆಪ ತೆಗೆದರು. ಎರೆಮಣ್ಣು ಒಮ್ಮೆ ಸುಟ್ಟರೆ ಇಟ್ಟಿಗೆಯಾಗುತ್ತದೆ, ಅಲ್ಲಿ ಬೀಜ ಮೊಳೆಯುವುದಿಲ್ಲ. ಒಬ್ಬನ ಹೊಲ ನೀರಿಗೆ ದೂರ, ಇನ್ನೊಬ್ಬನದು ಅಣ್ಣತಮ್ಮಂದಿರ ಪಾಲಿನಲ್ಲಿದೆ, ಮತ್ತೊಬ್ಬನ ಹೊಲಕ್ಕೆ ಗಾಡಿ ದಾರಿಯೇ ಇಲ್ಲ. ಸರಕಾರದ ದಂಡೆಯಾಗಿದ್ದಾಗ ಸುಟ್ಟ ನೆಲದ ಬಗ್ಗೆ ಮರುಕಪಟ್ಟವರನ್ನು ನಾನು ಕಂಡಿರಲಿಲ್ಲ. ಗೋಡೆಯ ಈಚೆ ಕೂತು ನನಗೆ ನಗು ಬಂತು. ಆ ನಗು ಬಹಳ ಹೊತ್ತು ನಿಲ್ಲಲಿಲ್ಲ.

"ಕಾನೂನು ಓದಿದವ್ರು ನೀವು, ಸಹಿ ಹಾಕಿದವ್ರೂ ನೀವು. ನೆಲಾನೂ ನೀವಾ ತೋರಿಸ್ರಿ" ಎಂದಿತು ಒಂದು ಹಿರಿಯ ದನಿ.

ಆಮೇಲೆ ಮಾವನ ದನಿ. "ಆತು. ನಮ್ಮ ಹಳ್ಳದ ಹೊಲದಾಗ ಸುಡ್ರಿ. ನೀರಿಗೆ ಹತ್ರ ಐತಿ."

ಹಳ್ಳದ ಹೊಲವೆಂದರೆ ಅತ್ತೆಯದೇ ಹೊಲ. ಅತ್ತೆಗೆ ಹೇಗೆ ಹೇಳಲಿ? ಹೇಳುವ ಕೆಲಸ ನನಗೆ ಬರಲಿಲ್ಲ. ಅತ್ತೆ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಾಗ ಕಮ್ಮಾರನೇ ಬಾಗಿಲಿಗೆ ಬಂದ. ಅತ್ತೆಯ ಕುಡುಗೋಲು ಹದ ಮಾಡುವವನು ಅವನು. ಹೊಲ ಯಾರದೆಂದು ಅವನಿಗೆ ಗೊತ್ತಿತ್ತು.

"ಅವ್ವಾರ, ತಗ್ಗು ಯಾವ ಮೂಲ್ಯಾಗ ತಗೀಬೇಕ್ರಿ? ನೀವಾ ತೋರಿಸಿದ್ರ ಛಲೋ."

"ಏನ್ ತಗ್ಗು?" ಎಂದರು ಅತ್ತೆ.

ಚಾವಡಿಯಲ್ಲಿ ನಡೆದದ್ದನ್ನೆಲ್ಲ ಅವನು ಹೇಳಿದ. ಅತ್ತೆ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟರು. "ನಾಳಿ ಬಾರಪ್ಪ" ಎಂದಷ್ಟೇ ಹೇಳಿ ಒಳಗೆ ಬಂದು ರೊಟ್ಟಿಗೆ ಹಿಟ್ಟು ಕಲಸಲು ಕೂತರು. ಸಿಟ್ಟಿದ್ದರೆ ಬಡಿಯುವ ಸದ್ದು ಜೋರಾಗಬೇಕಿತ್ತು. ಅಂದು ರೊಟ್ಟಿ ತಟ್ಟುವುದು ಕೇಳಿಸಲೇ ಇಲ್ಲ. ನನಗೆ ಅದನ್ನು ನೋಡಿಯೇ ಹೆದರಿಕೆಯಾಯಿತು.

ಮಾವ ಉಣ್ಣಲು ಕೂತರು. ಅತ್ತೆ ರೊಟ್ಟಿ ಇಟ್ಟು, ಪಲ್ಯ ಬಡಿಸಿ, ಮಜ್ಜಿಗೆಯ ಗಿಂಡಿ ಪಕ್ಕಕ್ಕಿಟ್ಟು, ದಿನದಂತೆ ಒಲೆಯ ಕಡೆ ಹೋಗದೆ ಕಂಬಕ್ಕೆ ಒರಗಿ ನಿಂತರು.

"ಸರಕಾರದ ನೆಲದಾಗ ಸುಡಾಕ ಪರವಾನಗಿ ಬೇಕಂತಲ್ರಿ."

"ಹೂಂ. ಬೇಕು."

"ನನ್ನ ನೆಲಕ್ಕ ಬ್ಯಾಡೇನ್ರಿ?"

ಮಾವನ ಕೈಯಲ್ಲಿ ಮುರಿದ ರೊಟ್ಟಿ ಹಾಗೇ ಉಳಿಯಿತು. ನಾನು ಒಲೆಯ ಮುಂದೆ ಬೆಂಕಿ ಕೆದಕುವವಳಂತೆ ಬೆನ್ನು ತಿರುಗಿಸಿ ಕೂತಿದ್ದೆ. ಈಗ ಗದರುತ್ತಾರೆ, ಊರ ಕೆಲಸಕ್ಕೆ ಅಡ್ಡ ಬರುತ್ತೀಯಾ ಎನ್ನುತ್ತಾರೆ ಎಂದು ಕಾದೆ. ಆ ಕಾಲದ ಯಾವ ಗಂಡಸಾದರೂ ಹಾಗೆಯೇ ಮಾಡುತ್ತಿದ್ದ. ನನ್ನ ತವರಿನಲ್ಲಾಗಿದ್ದರೆ ತಟ್ಟೆ ಅಂಗಳಕ್ಕೆ ಹಾರುತ್ತಿತ್ತು.

ಮಾವ ಊಟ ಅರ್ಧಕ್ಕೆ ಬಿಟ್ಟು ಏಳಲಿಲ್ಲ. ಪೂರ್ತಿ ಉಂಡರು, ಕೈ ತೊಳೆದರು, ವಿಭೂತಿ ಗಟ್ಟಿಯ ಗೂಡಿನ ಹತ್ತಿರ ಹೋಗಿ ಹಣೆಗೆ ಹಚ್ಚಿಕೊಂಡರು. ಆಮೇಲೆ ಅಡುಗೆ ಮನೆಯ ಹೊಸ್ತಿಲಿಗೆ ಬಂದರು. ಅವರು ಅಲ್ಲಿಗೆ ಬಂದು ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಹಳ್ಳದ ಹೊಲದಾಗ ಇದ್ಲಿ ಸುಡಬೇಕಂತ ಊರಿಂದ ಅರ್ಜಿ ಬಂದೈತಿ" ಎಂದರು, ಚಾವಡಿಯಲ್ಲಿ ಅರ್ಜಿ ಓದುವಾಗಿನ ದನಿಯಲ್ಲೇ. "ಹೊಲ ನಿಂದು. ನಾ ನಿನ್ನ ಕೇಳದಾ ಮಾತು ಕೊಟ್ಟು ಬಂದೀನಿ. ಈಗ ಕೇಳಾಕ ಬಂದೀನಿ."

ಅತ್ತೆ ಸೆರಗು ಸರಿಮಾಡಿಕೊಂಡರು. "ಕೇಳಿದ್ರಿ, ಛಲೋ ಆತು" ಎಂದರು. "ಆದ್ರ ನಾ ಒಲ್ಲೆ."

"ಯಾಕ?"

"ಊರ ಮಂದಿ ಯಾಕ ಒಲ್ಲೆ ಅಂದ್ರು ಅದಕ್ಕಾ. ನನ್ನ ನವಣಿ ಸುಟ್ಟ ಮಣ್ಣಾಗ ಬರ್ತತೇನ್ರಿ?"

ಮಾವ "ಆತು" ಎಂದು ಹೊರಗೆ ಹೋಗಿ ಮಂಚದ ಮೇಲೆ ಕೂತರು. ಅತ್ತೆ ಒಲೆ ಆರಿಸಿ ಬೂದಿ ತೆಗೆದರು. ಆಡಿದ ಮಾತಿಗೆ ಅವರೇ ಹೆದರಿದ್ದರು ಎಂದು ನನಗೆ ತಿಳಿಯಿತು, ಬೂದಿ ಬುಟ್ಟಿಗೆ ಬೀಳದೆ ನೆಲಕ್ಕೆ ಬೀಳುತ್ತಿತ್ತು. ಮುನಸೀಫರು ಊರ ಮುಂದೆ ಕೊಟ್ಟ ಮಾತು. ಅದನ್ನು ಹಿಂದೆ ತೆಗೆದುಕೊಂಡರೆ ಅವರ ಮುಖ ಏನಾಗಬೇಡ? ತೆಗೆದುಕೊಳ್ಳದಿದ್ದರೆ ಹೊಲ ಹೋಯಿತು. ಹೆಂಡತಿ ಒಲ್ಲೆ ಅಂದರೂ ತಗ್ಗು ತೆಗೆಸಿದರೆ ಅವರನ್ನು ಕೇಳುವ ಗಾರ್ಡು ಯಾರು?

ಬೆಳಿಗ್ಗೆ ಚಾವಡಿಯಲ್ಲಿ ಜನ ಗುದ್ದಲಿ ಹಿಡಿದೇ ಸೇರಿದ್ದರು. ಗೋಡೆಯ ಈಚೆ ನಾನು ಕೂತೆ. ಎಂದೂ ಕದ್ದು ಕೇಳದ ಅತ್ತೆಯೂ ಬಂದು ಪಕ್ಕದಲ್ಲಿ ಕೂತರು.

"ನಿನ್ನಿ ನಾ ತಪ್ಪು ಮಾತಾಡಿದೆ" ಎಂದರು ಮಾವ. "ಹಳ್ಳದ ಹೊಲ ನಂದಲ್ಲ, ಅಕಿಂದು. ಕೇಳಿದೆ, ಒಲ್ಲೆ ಅಂದಾಳ."

ಒಬ್ಬ ಕಿಸಕ್ಕನೆ ನಕ್ಕ. "ಮನ್ಯಾಗಿನ ಹೆಣ್ಮಕ್ಕಳ ಮಾತು ಚಾವಡಿಗೆ ತರ್ತಾರೇನ್ರಿ?" ಎಂದ ಇನ್ನೊಬ್ಬ.

"ಪಟ್ಟಾ ಅಕಿ ಹೆಸರ್ಲೆ ಐತಿ. ಗುಡ್ಡ ಸರಕಾರದ್ದು ಅಂತ ನಿಮ್ಮನ್ನ ತಡದವ ನಾ. ಅಕಿ ನೆಲದಾಗ ಹೆಂಗ ಬಿಡ್ಲಿ?" ನಗು ನಿಂತಿತು. "ಬಾವಿ ಹೊಲ ನಂದು. ಅಲ್ಲಿ ತಗ್ಗು ತಗೀರಿ, ನಡೀರಿ."

ಬಾವಿ ಹೊಲವೆಂದರೆ ಅವರ ಅಪ್ಪನಿಂದ ಬಂದದ್ದು, ಊರಲ್ಲೇ ಅಂಥ ನೆಲ ಇನ್ನೊಂದಿರಲಿಲ್ಲ. ಅದರ ಮೂಲೆಯಲ್ಲೇ ಸುಟ್ಟರು. ಆ ಇದ್ದಿಲಿನಿಂದಲೇ ಊರಿನ ಕುಳಗಳು ಮಳೆಗೆ ಮುಂಚೆ ಹದವಾದವು. ಆ ಮೂಲೆಯಲ್ಲಿ ಬಹಳ ವರ್ಷ ಹುಲ್ಲೂ ನೆಟ್ಟಗೆ ಬರಲಿಲ್ಲ, ಮಾವ ಅಲ್ಲಿಗೆ ಹೋದಾಗೆಲ್ಲ ಆ ಕಡೆ ನೋಡದೆ ಬರುತ್ತಿದ್ದರು. ಅಲ್ಲಿಯವರೆಗೆ ನನಗೆ ಮಾವನ ಮೇಲೆ ಭಯವಿತ್ತು, ಒಳಗೊಳಗೆ ತಾತ್ಸಾರವೂ ಇತ್ತು, ಕಾಗದದ ಮನುಷ್ಯ ಎಂದು. ಅಂದಿನಿಂದ ಪ್ರೀತಿ ಹುಟ್ಟಿತು.

ಗುದ್ದಲಿಗಳ ಸದ್ದು ಬಾವಿ ಹೊಲದ ಕಡೆ ಹೋಗುವವರೆಗೂ ಅತ್ತೆ ಗೋಡೆಗೆ ಒರಗಿ ಕೂತೇ ಇದ್ದರು. ಹೊಲ ಉಳಿಯಿತಲ್ಲ ಎಂದು ನಾನು ಅವರ ಕೈ ಹಿಡಿದು ಅಲುಗಿಸಿದೆ. ನೋಡಿದರೆ ಅಳುತ್ತಿದ್ದರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಯಾಕ್ರಿ ಅತ್ತಿ, ಹೊಲ ಉಳೀತಲ್ರಿ" ಎಂದೆ.

"ಹೊಲದ ಮಾತಲ್ಲವ್ವಾ" ಎಂದರು. "ನಾಕ್ ಮಂದಿ ಮುಂದ ಅಂದ್ರು. ನಂದಲ್ಲ, ಅಕಿಂದು ಅಂದ್ರು."